ಒಂದೇ ತೂಬಿನ ವೈರಿಗಳು

ಕೌದಿಯ ಒಂದು ತುದಿಯನ್ನು ಶೇಖರಮ್ಮ ಬಲಕ್ಕೆ ತಿರುವುತ್ತಿದ್ದಳು, ಇನ್ನೊಂದು ತುದಿಯನ್ನು ಅವಳ ಗಂಡ ಕರಿಬಸಯ್ಯ ಎಡಕ್ಕೆ ತಿರುವುತ್ತಿದ್ದ. ವಳಕಮದಿನ್ನಿಯ ಕಾಲುವೆ ಮೆಟ್ಟಿಲ ಮೇಲೆ ಈ ಕೆಲಸ ಅರ್ಧ ಮುಗಿದಿತ್ತು. ಹಳೆ ಸೀರೆ, ಹಳೆ ಧೋತರ ಎಲ್ಲ ಒಳಗೆ ತುಂಬಿ ಹೊಲಿದ ಕೌದಿ ಅದು. ನೀರು ಕುಡಿದರೆ ಎಮ್ಮೆಗರುವಿನಷ್ಟು ಭಾರ. ಇಂಥ ಹೊತ್ತಿನಲ್ಲಿ ಗಂಡನಾದವನು ಮಾಡಬೇಕಾದ್ದು ಒಂದೇ, ಹಿಡಿದದ್ದನ್ನು ಬಿಡದಿರುವುದು. ಕರಿಬಸಯ್ಯನಿಂದ ಅಷ್ಟೂ ಆಗಲಿಲ್ಲ.

“ಸಿಕ್ತು!” ಎಂದು ಎರಡೂ ಕೈ ಮೇಲೆತ್ತಿದ.

ಶೇಖರಮ್ಮ ಕೌದಿಯ ಸಮೇತ ಹಿಂದಕ್ಕೆ ಜಾರಿ ಸೊಂಟದ ತನಕ ನೀರಿಗಿಳಿದಳು. ಪಕ್ಕದಲ್ಲಿ ಪಾತ್ರೆ ತಿಕ್ಕುತ್ತಿದ್ದ ಆದಮ್ಮ ಓಡಿ ಬಂದು ಕೈ ಕೊಟ್ಟಳು. ಆದಮ್ಮ ಬೇರೆ ಯಾರೂ ಅಲ್ಲ, ಕರಿಬಸಯ್ಯನ ಗದ್ದೆಗೆ ಅಂಟಿಕೊಂಡೇ ಗದ್ದೆ ಮಾಡುವ ಬಾಲಪ್ಪನ ಹೆಂಡತಿ.

“ಏನು ಸಿಕ್ತ್ರೀ ಅಯ್ಯಾರ? ಕೊಪ್ಪರಿಗಿ ಹೊನ್ನು ಸಿಕ್ತೇನು?” ಎಂದಳು ಆದಮ್ಮ.

“ಹೊನ್ನು ಏನ್ ಮಾಡ್ತೀ ಆದಮ್ಮ! ರೈವಲ್ ಅನ್ನೋ ಇಂಗ್ಲಿಷ್ ಪದದ ಮೂಲ ಸಿಕ್ತು. ಮುಂಜಾನಿಂದ ತಲಿ ಕೆಡಿಸಿಕೊಂಡಿದ್ದೆ, ಈ ಹರಿಯೋ ನೀರು ನೋಡಿದ ಕೂಡ್ಲೇ ಹೊಳೀತು.”

“ಹೆಂಡ್ತಿ ಮುಳುಗಾಕತ್ತಿದ್ದು ಹೊಳೀಲಿಲ್ಲೇನ್ರೀ ನಿಮಗ?” ಎಂದಳು ಶೇಖರಮ್ಮ, ನೀರಿನಲ್ಲೇ ನಿಂತು.

ಕರಿಬಸಯ್ಯನಿಗೆ ಈ ರೋಗ ಹತ್ತಿದ್ದು ಲಿಂಗಸುಗೂರಿನಲ್ಲಿ. ಶೇಖರಮ್ಮನ ಅಣ್ಣ ಸಂಗನಬಸವ ಅಲ್ಲಿ ಇಂಗ್ಲಿಷ್ ಮಾಸ್ತರನಾಗಿ ನಿವೃತ್ತನಾದವನು. ಅವನು ಮನೆ ಕಟ್ಟಿಸಿದಾಗ ಗೃಹಪ್ರವೇಶದ ಪಂಕ್ತಿಯಲ್ಲಿ ಕುಳಿತು, “ಸ್ಯಾಲರಿ ಅನ್ನೋ ಪದ ಎಲ್ಲಿಂದ ಬಂತು ಗೊತ್ತೇನ್ರೀ? ಲ್ಯಾಟಿನ್ ಭಾಷೆಯ ಉಪ್ಪಿನಿಂದ” ಎಂದಿದ್ದ. ಹೋಳಿಗೆ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ “ಓಹೋ” ಎಂದಿದ್ದರು. ಬಡಿಸುವವನು ಬೆರಗಾಗಿ ಮಾಸ್ತರನ ಎಲೆಗೆ ಇನ್ನೊಂದು ಸೌಟು ತುಪ್ಪ ಸುರಿದು, ಪಕ್ಕದಲ್ಲಿದ್ದ ಕರಿಬಸಯ್ಯನ ಒಣ ಹೋಳಿಗೆಯನ್ನು ದಾಟಿ ಮುಂದಕ್ಕೆ ಹೋಗಿದ್ದ. ಆ ತುಪ್ಪ ಬಿದ್ದದ್ದು ಮಾಸ್ತರನಿಗಲ್ಲ, ಲ್ಯಾಟಿನ್ನಿಗೆ ಎಂದು ಕರಿಬಸಯ್ಯ ಅಲ್ಲೇ ತಿಳಿದುಕೊಂಡ.

ಮರುವಾರವೇ ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ಹಳೆ ಪುಸ್ತಕದವನಿಂದ ಒಂದು ದಪ್ಪ ನಿಘಂಟು ತಂದ. ರಟ್ಟಿರಲಿಲ್ಲ. ‘ಎ’ ಅಕ್ಷರದ ಪುಟಗಳನ್ನೆಲ್ಲ ಗೆದ್ದಲು ತಿಂದಿದ್ದರಿಂದ ಅವನ ಪಾಂಡಿತ್ಯ ‘ಬಿ’ ಅಕ್ಷರದಿಂದ ಆರಂಭವಾಯಿತು. ಹೀಗಾಗಿ ಮೊದಲ ಪೆಟ್ಟು ಬಸ್ಸಿಗೇ ಬಿತ್ತು. “ಬಸ್ ಅಂದ್ರ ಲ್ಯಾಟಿನ್ ಪ್ರಕಾರ ‘ಎಲ್ಲರಿಗೂ’ ಅಂತ ಅರ್ಥ” ಎಂದು ತುರ್ವಿಹಾಳದ ಬಸ್ಸಿನಲ್ಲಿ ಕಂಡಕ್ಟರನಿಗೆ ತಿಳಿಸಿದ. “ಹಂಗಾದ್ರ ಟಿಕೇಟೂ ಎಲ್ಲರಿಗೂ, ತಗೋರಿ” ಎಂದು ಅವನು ಹರಿದುಕೊಟ್ಟ. ತುಪ್ಪ ಸುರಿಯುವವರು ಎಲ್ಲೂ ಸಿಗಲಿಲ್ಲ. ಆದರೂ ನಮ್ಮ ವಿದ್ವಾಂಸ ಎದೆಗುಂದಲಿಲ್ಲ. ಎದೆಗುಂದುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಆದರೆ ಅದೇ ಹೊತ್ತಿಗೆ ತೂಬು ಕೆಟ್ಟಿತು. ಕಾಲುವೆಯ ನೀರು ಗದ್ದೆಗೆ ತಿರುಗುವ ಬಾಯಿಗೆ ಒಂದು ಕಬ್ಬಿಣದ ಬಾಗಿಲಿದೆ. ಅದರ ತಿರುಪು ಮುರಿದು ಬಾಗಿಲು ಕುಸಿದು ಕುಳಿತಿತು. ಕಾಲುವೆ ತುಂಬ ನೀರು ಕಣ್ಣೆದುರೇ ಹರಿದು ಹೋಗುತ್ತಿದೆ, ಗದ್ದೆಗೆ ಮಾತ್ರ ಹನಿಯಿಲ್ಲ. ಆ ತೂಬಿನಿಂದ ನೀರುಣ್ಣುವವರು ಇಬ್ಬರೇ, ಕರಿಬಸಯ್ಯ ಮತ್ತು ಬಾಲಪ್ಪ. ಭತ್ತ ಹೊಡೆ ಬಿಚ್ಚಿ ಕಾಳು ಹಾಲುಗಟ್ಟುವ ಹೊತ್ತು. ಈಗ ನೀರು ಸಿಗದಿದ್ದರೆ ತೆನೆಯಲ್ಲಿ ಬರೀ ಜೊಳ್ಳು. ಯುಗಾದಿ ಕಳೆದರೆ ಮೇಲಿನಿಂದ ಕಾಲುವೆಯೇ ಬಂದ್.

ತಾವೇ ಬಾಗಿಲು ಮೀಟಿದರೆ ಕೇಸು. ಆಫೀಸಿನವರೇ ದುರಸ್ತಿ ಮಾಡಬೇಕು. ಆಫೀಸಿನವರೋ, ನೀರಿನ ಜಗಳದಲ್ಲಿ ಎಲ್ಲೆಲ್ಲೋ ಏಟು ತಿಂದವರು. “ಇಬ್ರೂ ಸಹಿ ಮಾಡಿದ ಅರ್ಜಿ ಅಂಚೆಯಾಗ ಕಳಿಸ್ರಿ. ನಮ್ಮ ನಮ್ಮೊಳಗ ವೈರ ಇಲ್ಲ ಅಂತ ಒಂದು ಸಾಲು ಇರಬೇಕು. ಅದು ಬಂದ ದಿನ ಮಿಸ್ತ್ರಿ ಬರ್ತಾನ” ಎಂದು ಹೇಳಿ ಕಳಿಸಿದ್ದರು. ನೀರು ಕೇಳಿದವರಿಗೆ ಕಾಗದ ಕೇಳುವುದು ಅಲ್ಲಿಯ ಪದ್ಧತಿ.

ಅರ್ಜಿ ಬರೆಯುವ ಕೆಲಸವನ್ನು ಬಾಲಪ್ಪ ಕರಿಬಸಯ್ಯನಿಗೆ ಒಪ್ಪಿಸಿದ. ಆಮೇಲೆ ತನ್ನ ಜೀವನದಲ್ಲಿ ಮಾಡಿದ ತಪ್ಪುಗಳನ್ನು ಎಣಿಸುವಾಗಲೆಲ್ಲ ಬಾಲಪ್ಪ ಇದನ್ನೇ ಮೊದಲು ಎಣಿಸುತ್ತಿದ್ದ.

ಕನ್ನಡದಲ್ಲಿ ಬರೆದಿದ್ದರೆ ಚಹ ಆರುವುದರೊಳಗೆ ಮುಗಿಯುತ್ತಿತ್ತು. ಕರಿಬಸಯ್ಯ ಇಂಗ್ಲಿಷಿನಲ್ಲಿ ಹೊರಟ. ವೈರಿ ಎಂಬುದಕ್ಕೆ ರೈವಲ್ ಎಂಬ ಪದ ಹುಡುಕಿ ತೆಗೆದ. ತೆಗೆದ ಮೇಲೆ ಅದರ ಮೂಲ ನೋಡದೆ ಬರೆಯುವುದುಂಟೆ? ನೋಡಿದ. ರೀವುಸ್ ಎಂದರೆ ತೊರೆ, ಕಾಲುವೆ. ರಿವಾಲಿಸ್ ಎಂದರೆ ಒಂದೇ ಕಾಲುವೆಯ ನೀರು ಬಳಸುವವನು. ಅದೇ ರೈವಲ್. ಮುಂಜಾನೆ ಓದಿದಾಗ ತಲೆಗೆ ಹತ್ತದ ಈ ನಂಟು ಹರಿಯುವ ನೀರು ಕಂಡಾಗ ಹತ್ತಿತ್ತು, ಕೌದಿ ಬಿಟ್ಟು ಕೈ ಎತ್ತಿದ್ದು ಈ ಜ್ಞಾನೋದಯಕ್ಕೆ.

ಅಲ್ಲಿಂದ ಅವನ ತಲೆ ಓಡಿದ ದಾರಿ ನೋಡಿ. ಒಂದೇ ಕಾಲುವೆಯ ನೀರು ಬಳಸುವವರು ಲ್ಯಾಟಿನ್ ಪ್ರಕಾರ ವೈರಿಗಳು. ತಾನೂ ಬಾಲಪ್ಪನೂ ಒಂದೇ ಕಾಲುವೆ ಅಷ್ಟೇ ಅಲ್ಲ, ಒಂದೇ ತೂಬು. ಅಂದ ಮೇಲೆ ‘ವೈರ ಇಲ್ಲ’ ಎಂದು ಬರೆದರೆ ಸರ್ಕಾರಕ್ಕೆ ಸುಳ್ಳು ಹೇಳಿದಂತೆ. ಜೀವಮಾನದಲ್ಲಿ ಪಹಣಿಯಿಂದ ಹಿಡಿದು ಪಡಿತರ ಚೀಟಿಯವರೆಗೆ ಸರ್ಕಾರಕ್ಕೆ ಅವನು ಹೇಳಿದ ಸುಳ್ಳುಗಳಿಗೆ ಲೆಕ್ಕವಿರಲಿಲ್ಲ. ಆದರೆ ಅವೆಲ್ಲ ಕನ್ನಡದ ಸುಳ್ಳುಗಳು. ಲ್ಯಾಟಿನ್ ವಿಷಯದಲ್ಲಿ ಮಾತ್ರ ಅವನು ಹರಿಶ್ಚಂದ್ರನಾದ.

ಸರಿ, ಬಾಲಪ್ಪನ ಮನೆಗೆ ಹೋದ. ಬಾಲಪ್ಪ ಕಟ್ಟೆಯ ಮೇಲೆ ಬೆಳೆಗೆ ಹುಳದ ಎಣ್ಣೆ ಹೊಡೆಯುವ ಪಂಪು ಬಿಚ್ಚಿಕೊಂಡು ಅದರ ಬಾಯಿಗೆ ಸೂಜಿ ಚುಚ್ಚುತ್ತಿದ್ದ.

“ಬಾಲಪ್ಪ, ಬ್ಯಾಸರ ಮಾಡ್ಕೋಬ್ಯಾಡ. ನೀ ನನ್ನ ವೈರಿ ಅದೀ.”

ಬಾಲಪ್ಪ ತಲೆ ಎತ್ತಲಿಲ್ಲ. “ಚಾ ಕುಡೀತೀಯೇನು ಅಯ್ಯಾ?”

“ಕುಡೀತೀನಿ. ಆದ್ರ ವೈರಿ ಅಂತೂ ಹೌದು.”

“ಸಕ್ರಿ ಜಾಸ್ತಿ ಹಾಕ್ಲೇನ್ರೀ?” ಎಂದು ಒಳಗಿನಿಂದ ಆದಮ್ಮ ಕೇಳಿದಳು.

“ಯಾವಾಗಿಂದ ವೈರಿ?” ಬಾಲಪ್ಪ ಈಗ ಸೂಜಿ ಕೆಳಗಿಟ್ಟ.

“ರೋಮ್ ರಾಜ್ಯದ ಕಾಲದಿಂದ. ನಮಗ ಗೊತ್ತಿದ್ದಿಲ್ಲ ಅಷ್ಟ. ಲ್ಯಾಟಿನ್‌ದಾಗ ಸ್ಪಷ್ಟ ಐತಿ.”

“ಆ ಲ್ಯಾಟಿನ್ ಮಾತಾಡೋ ಮಂದಿ ಎಲ್ಲದಾರ?”

“ಯಾರೂ ಇಲ್ಲ. ಆ ಭಾಷಿ ಸತ್ತು ಭಾಳ ವರ್ಷ ಆತು.”

“ಸತ್ತ ಭಾಷಿ ಮಾತು ಕೇಳಿ ಜೀವ ಇರೋ ನನ್ನ ಮ್ಯಾಲ ಬಂದೀಯಲ್ಲಲೇ ಅಯ್ಯಾ! ಅರ್ಜಿ ಎಲ್ಲಿ?”

“ಅದ ಹೇಳಾಕತ್ತೀನಿ. ವೈರ ಇಲ್ಲ ಅಂತ ಬರಿಯಾಕ ನನ್ನ ಕೈ ಬರವಲ್ದು.”

ಬಾಲಪ್ಪ ಎದ್ದು ನಿಂತ. “ನನ್ನ ಭತ್ತ ಒಣಗಾಕತ್ತೈತಿ! ನಿನ್ನ ಭತ್ತನೂ ಒಣಗಾಕತ್ತೈತಿ! ವೈರಿ ಅಂತ ವೈರಿ! ಇನ್ನೊಮ್ಮಿ ಆ ಮಾತು ಅಂದ್ರ ನೋಡು!” ಎಂದು ಗುಡುಗಿದ. ಕೈಯಲ್ಲಿ ಪಂಪಿನ ಉದ್ದ ಕೊಳವೆಯಿತ್ತು.

ಆ ಗಳಿಗೆಗೆ ಸರಿಯಾಗಿ ಕಾಲುವೆ ಗ್ಯಾಂಗ್‌ಮನ್ ಅಂಬಪ್ಪ ಬೈಕಿನಲ್ಲಿ ಹಾದುಹೋದ. ಅಂಬಪ್ಪನ ಕೆಲಸ ನೀರನ್ನು ಕೊನೆಯ ಗದ್ದೆಯವರೆಗೆ ಮುಟ್ಟಿಸುವುದು. ನೀರು ಎಂದೂ ಮುಟ್ಟಿರಲಿಲ್ಲ, ಸುದ್ದಿ ಮಾತ್ರ ಎಂದೂ ತಪ್ಪಿರಲಿಲ್ಲ. ತುರ್ವಿಹಾಳದ ಚಹದಂಗಡಿಯಲ್ಲಿ ಅವನು “ವಳಕಮದಿನ್ನ್ಯಾಗ ಅಯ್ಯಾರಿಗೂ ಬಾಲಪ್ಪಗೂ ನೀರಿನ ಮ್ಯಾಲ ಕೈಕೈ ಹತ್ತೈತಿ” ಎಂದ. ಗೊರೇಬಾಳ ಮುಟ್ಟುವಷ್ಟರಲ್ಲಿ ಪಂಪಿನ ಕೊಳವೆ ಕೊಡಲಿಯಾಯಿತು. ಸಿಂಧನೂರಿನಲ್ಲಿ ಬಾಲಪ್ಪನ ತಲೆಗೆ ಹೊಲಿಗೆ ಬಿದ್ದವು. ಮಸ್ಕಿಯಲ್ಲಿ ಬಾಲಪ್ಪ ತೀರಿಕೊಂಡ.

ಮಸ್ಕಿಯಲ್ಲಿ ಬಾಲಪ್ಪನ ತಂಗಿ ಕರೆಮ್ಮನನ್ನು ಕೊಟ್ಟಿತ್ತು. ಅವಳು ಅಣ್ಣನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಸತ್ತದ್ದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಈ ಕಾಲದಲ್ಲಿ ಯಾರೂ ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬೀಗರೇ ಬುತ್ತಿ ಒಯ್ಯಬೇಕು. ಅದಕ್ಕೆ ಕರೆಮ್ಮ ಅಳುತ್ತಲೇ ರೊಟ್ಟಿ ಬಡಿದಳು, ಅಳುತ್ತಲೇ ಪುಂಡಿಪಲ್ಲೆ ಕುದಿಸಿದಳು, ಬುಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದಳು. ವಳಕಮದಿನ್ನಿಯಲ್ಲಿ ಇಳಿದ ಕಡೆಯಿಂದಲೇ ದನಿ ತೆಗೆದಳು.

“ಯಣ್ಣಾ! ನನ್ನ ತವರಿನ ಬಾಗಿಲಾ ಮುಚ್ಚಿ ಹೋದ್ಯಲ್ಲೋ ಯಣ್ಣಾ!”

ಅಳು ಕೇಳಿ ಓಣಿಯವರೆಲ್ಲ ಹೊರಬಂದರು. ಬಾಲಪ್ಪನೂ ಗಾಬರಿಯಾಗಿ ಹೊರಬಂದು ತಂಗಿಯ ತೋಳು ಹಿಡಿದ.

“ಯಾಕವ್ವ ಕರೆವ್ವ, ಯಾರು ಸತ್ರು?”

“ನೀನ ಸತ್ತೀಯಲ್ಲೋ ಯಣ್ಣಾ!” ಎಂದು ಕರೆಮ್ಮ ಅವನ ಎದೆಯ ಮೇಲೆಯೇ ತಲೆ ಇಟ್ಟು ಅತ್ತಳು. ಆಮೇಲೆ ತಲೆ ಎತ್ತಿ ನೋಡಿದಳು. ಅವನ ಗಲ್ಲ ಮುಟ್ಟಿ ನೋಡಿದಳು. ಆಮೇಲೆ ಬಂದದ್ದು ಸಂತೋಷವಲ್ಲ, ಸಿಟ್ಟು.

“ಸತ್ತಿಲ್ಲಂದ್ರ ಫೋನ್ ಎತ್ತಾಕ ಏನಾಗಿತ್ತು ನಿನಗ ಧಾಡಿ?”

“ಚಾರ್ಜ್ ಇದ್ದಿಲ್ಲಬೇ.”

“ಚಾರ್ಜ್ ಇಲ್ಲಂತ ಸಾಯ್ತಾರೇನು? ನನ್ನ ಕಣ್ಣೀರು ಹೋಗಲಿ, ಈ ಬುತ್ತಿ ಏನ್ ಮಾಡ್ಲಿ? ಸತ್ತ ಮನಿಗಂತ ಮಾಡಿದ್ದು, ಒಳಗ ಇಡಾಂಗಿಲ್ಲ, ವಾಪಸ್ ಒಯ್ಯಾಂಗಿಲ್ಲ!”

ಕಡೆಗೆ ಕಟ್ಟೆಯ ಮೇಲೆಯೇ ಎಲ್ಲರೂ ಉಂಡು ಮುಗಿಸುವುದೆಂದು ಓಣಿಯ ಹಿರಿಯರು ತೀರ್ಮಾನ ಕೊಟ್ಟರು. ಸತ್ತವನು ಎಲ್ಲರಿಗಿಂತ ಒಂದು ರೊಟ್ಟಿ ಹೆಚ್ಚಿಗೆ ಉಂಡ. ಗದ್ದಲ ಕೇಳಿ ಬಂದ ಕರಿಬಸಯ್ಯನೂ ಕೈ ತೊಳೆದು ಕುಳಿತ. ತಾನು ಕೊಂದವನ ಬುತ್ತಿಯನ್ನು ಅವನ ಪಕ್ಕದಲ್ಲೇ ಕುಳಿತು ಉಣ್ಣುವಾಗ ಅವನಿಗೆ ಸಂಕೋಚವೇನೂ ಆಗಲಿಲ್ಲ. “ಇನ್ನೊಂದು ಚೂರು ಪಲ್ಯ” ಎಂದ.

ಊಟ ನಡೆದಿರುವಾಗಲೇ ಹವಾಲ್ದಾರ ಆಂಜನೇಯ ಬಂದ. ಶವ ಹುಡುಕಿಕೊಂಡು ಬಂದವನಿಗೆ ಪಂಕ್ತಿ ಕಂಡಿತು.

“ಕೊಲಿ ಆಗೈತಿ ಅಂತ ಸುದ್ದಿ. ಸತ್ತಾಂವ ಯಾರು?”

ಬಾಲಪ್ಪ ಎಂಜಲು ಕೈ ಎತ್ತಿದ.

“ಕೊಂದಾಂವ?”

ಎಲ್ಲರೂ ಕರಿಬಸಯ್ಯನನ್ನು ತೋರಿಸಿದರು. ಹವಾಲ್ದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಯ್ಯಾರ, ನಿಮಗೂ ಇವನಿಗೂ ಜಗಳ ಏನು?”

“ಜಗಳ ಎಳ್ಳಷ್ಟೂ ಇಲ್ರೀ. ವೈರತ್ವ ಐತಿ.”

“ಜಗಳ ಇಲ್ಲದ ವೈರತ್ವ ಎಂಥದ್ರೀ?”

“ಅದು ಮನಸಿನ್ಯಾಗ ಇಲ್ಲ ಹವಾಲ್ದಾರ್ರ, ಪದದಾಗ ಐತಿ. ನಿಘಂಟು ತರ್ಲೇನು?”

“ಬ್ಯಾಡ್ರೀ. ಪದಾನ ಒಳಗ ಹಾಕಾಕ ನಮ್ಮ ಠಾಣ್ಯಾಗ ಖೋಲಿ ಇಲ್ಲ. ಆ ರೊಟ್ಟಿ ಉಳದಾವೇನು?” ಎಂದು ಹವಾಲ್ದಾರನೂ ಕುಳಿತ.

ನಗುವವರು ನಕ್ಕರು. ಆದರೆ ಮರುದಿನ ಅಂಬಪ್ಪ ತಂದ ಸುದ್ದಿಗೆ ಯಾರೂ ನಗಲಿಲ್ಲ. “ಸಾಹೇಬ್ರ ಕಿವಿಗೆ ಬಿದ್ದೈತ್ರೀ. ತಕರಾರು ಇರೋ ತೂಬಿಗೆ ಕೈ ಹಚ್ಚಬ್ಯಾಡ್ರಿ ಅಂದಾರ. ಇಬ್ರ ಸಹಿ ಇರೋ ಕಾಗದ ಯುಗಾದಿ ಒಳಗ ಬಂದ್ರ ಬಂತು. ಇಲ್ಲಂದ್ರ ಮುಂದಿನ ಬೆಳಿಗೆ ನೋಡೂಣು.” ಸಾಹೇಬರ ಕಿವಿಗೆ ಅದನ್ನು ಬೀಳಿಸಿದವರು ಯಾರೆಂದು ಅಂಬಪ್ಪ ಹೇಳಲಿಲ್ಲ. ಬಾಲಪ್ಪನೂ ಕೇಳಲಿಲ್ಲ, ಬರೀ ಅವನ ಬೈಕಿನ ಗಾಳಿ ಬಿಟ್ಟ.

ಈಗ ಬಾಲಪ್ಪ ಹಟ ಹಿಡಿದ. “ಅಂವ ಓಣಿ ಮಂದಿ ಮುಂದ ನನ್ನ ವೈರಿ ಅಂದಾನ. ಮಾತು ವಾಪಸ್ ತಗೊಳ್ಳೋತನಕ ನಾ ಸಹಿ ಮಾಡಾಂಗಿಲ್ಲ.”

ಕರಿಬಸಯ್ಯನ ಉತ್ತರ: “ನನ್ನ ಮಾತಾಗಿದ್ರ ಈಗಿಂದೀಗ ವಾಪಸ್ ತಗೋತಿದ್ದೆ. ಲ್ಯಾಟಿನ್ ಮಾತು ವಾಪಸ್ ತಗೊಳ್ಳಾಕ ನಾ ಯಾರು?”

ಶೇಖರಮ್ಮ ಗದ್ದೆಗೆ ಹೋಗಿ ಒಂದು ತೆನೆ ಕಿತ್ತು ತಂದು ಗಂಡನ ನಿಘಂಟಿನ ಮೇಲಿಟ್ಟಳು. ಹಿಚುಕಿದರೆ ಹಾಲು ಬರಲಿಲ್ಲ, ಹೊಟ್ಟು ಉದುರಿತು. ಕರಿಬಸಯ್ಯ ಹೊಟ್ಟು ಊದಿ ಪುಟ ತಿರುವಿದ. ಅವಳು ನೇರ ಲಿಂಗಸುಗೂರಿಗೆ ಫೋನ್ ಹಚ್ಚಿದಳು. “ಯಣ್ಣ, ನಿನ್ನ ಪಂಕ್ತಿಯಾಗ ಹತ್ತಿದ ರೋಗ, ನೀನ ಬಂದು ಬಿಡಿಸು.”

ಸಂಗನಬಸವ ಮಾಸ್ತರ ಬಂದ. ಶಾಲು ಹೊದ್ದು ಬಂದ. ಬಿಸಿಲು ಸುಡುತ್ತಿದ್ದರೂ ಶಾಲು ಬಿಡಲಿಲ್ಲ, ಯಾಕೆಂದರೆ ಅದು ಸನ್ಮಾನದ ಶಾಲು. ತೂಬಿನ ಹತ್ತಿರವೇ ಪಂಚಾಯಿತಿ ಕೂಡಿತು. ಮಾಸ್ತರ ಗಂಟಲು ಸರಿಪಡಿಸಿಕೊಂಡು, ನಿಘಂಟಿನ ಕಡೆ ಕಣ್ಣೂ ಹಾಯಿಸದೆ, ತೀರ್ಪು ಕೊಟ್ಟ.

“ಕರಿಬಸಯ್ಯ, ನೀ ತಪ್ಪು ತಿಳಕೊಂಡೀ. ರಿವರ್ ಅನ್ನೋ ಪದದ ಮೂಲ ಲ್ಯಾಟಿನ್‌ದಾಗ ರೀಪಾ. ರೀಪಾ ಅಂದ್ರ ದಂಡಿ. ರೈವಲ್ ಬಂದಿದ್ದೂ ಅಲ್ಲಿಂದನ. ಅಂದ್ರ ವೈರಿ ಅನ್ನಾಂವ ಆಚಿ ದಂಡಿಯಾಗ ಇರಾಂವ. ಬಾಲಪ್ಪನ ಗದ್ದಿ ಈಚಿ ದಂಡಿಯಾಗ ಐತಿ. ಮುಗೀತು, ಸಹಿ ಹಾಕ್ರಿ.”

ಜನ “ಓಹೋ” ಎಂದರು. ಆದರೆ ಆಚೆ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ತಿಮ್ಮವ್ವ ಕುಡಗೋಲು ಹಿಡಿದೇ ನೆಟ್ಟಗಾದಳು. “ಏನ್ರೀ ಮಾಸ್ತರ, ನಾವೇನ್ ಮಾಡೀವ್ರೀ ನಿಮಗ? ಲಿಂಗಸುಗೂರಿಂದ ಬಂದು ನಮ್ಮನ್ನ ವೈರಿ ಅಂತೀರಿ?”

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಕರಿಬಸಯ್ಯ ಪುಸ್ತಕ ಬಿಚ್ಚಿ ಮಾಸ್ತರನ ಮೂಗಿಗೆ ಹಿಡಿದಿದ್ದ. “ರಿವರ್‌ಗೆ ರೀಪಾ, ರೈವಲ್‌ಗೆ ರೀವುಸ್! ಬ್ಯಾರೆ ಬ್ಯಾರೆ! ಓದ್ರಿ ಇಲ್ಲಿ!”

ದುರ್ದೈವವೆಂದರೆ ಪುಸ್ತಕದಲ್ಲಿ ಹಾಗೇ ಇತ್ತು. ಹುಟ್ಟಿದಾಗಿನಿಂದ ಕರಿಬಸಯ್ಯ ಸರಿಯಾಗಿದ್ದದ್ದು ಇದೊಂದೇ ಸಲ. ಊರಿಗೆ ಅವನು ತಪ್ಪಾಗಿರಲೇಬೇಕಾಗಿದ್ದದ್ದೂ ಇದೊಂದೇ ಸಲ.

“ರಟ್ಟಿಲ್ಲದ ಪುಸ್ತಕ ನನಗ ತೋರಿಸ್ತೀಯೇನು?” ಮಾಸ್ತರ ಕೆಂಪಾದ. “ಅರೈವ್ ಅನ್ನೋ ಪದ ತಗಿ, ಅಲ್ಲಿ ದಂಡಿ ಐತಿ ನೋಡು!”

“ಅದು ‘ಎ’ದಾಗ ಬರ್ತೈತಿ. ‘ಎ’ ನನ್ನ ಹತ್ರ ಇಲ್ಲ!”

“‘ಎ’ ಬರಲಾರದಾಂವ ನನಗ ಪಾಠ ಹೇಳಾಕ ಬಂದಾನ!”

“ಇಷ್ಟು ವರ್ಷ ಹುಡುಗರಿಗೆ ಸುಳ್ಳು ಹೇಳಿ ಪಗಾರ ತಿಂದೀರಿ ನೀವು! ಆ ತುಪ್ಪ ಸುಮ್ನ ಹಾಕಿಸ್ಕೊಂಡ್ರಿ!”

ಮಾಸ್ತರನಿಗೆ ಯಾವ ತುಪ್ಪ ಎಂದು ತಿಳಿಯಲಿಲ್ಲ, ಆದರೂ ಅವಮಾನವಾಯಿತು. ಶಾಲು ಕೊಡವಿದ, ಕರಿಬಸಯ್ಯ ಟವೆಲ್ ಕೊಡವಿದ. ಇಬ್ಬರೂ ರೀಪಾ ರೀವುಸ್ ಎಂದು ಕೂಗುತ್ತ ಎದೆಗೆ ಎದೆ ಕೊಟ್ಟು ನಿಂತಾಗ, ಬಿಡಿಸಲು ನಡುವೆ ಬಂದವನು ಬಾಲಪ್ಪ. ವೈರ ಇದ್ದದ್ದು ಯಾರ್ಯಾರ ನಡುವೆ ಎಂಬುದು ಆಗ ದನಕಾಯುವವರಿಗೂ ಗೊತ್ತಾಯಿತು.

“ಒಂದ ಕಾಲುವಿ ನೀರು ಕುಡಿಯೋರು ವೈರಿ ಅಂದ್ರಿ” ಎಂದಳು ಶೇಖರಮ್ಮ ಗಂಡನಿಗೆ. “ಆ ನೀರು ಕುಡಿಯೋರು ಬುತ್ತಿ ಹಂಚಿಕೊಂಡು ತಿಂದ್ರು. ಒಂದ ಪುಸ್ತಕ ಓದಿದೋರು ಇಲ್ಲಿ ಅಂಗಿ ಹರ್ಕೊಳ್ಳಾಕತ್ತೀರಿ.”

ಮಾಸ್ತರ ತಂಗಿಯ ಮನೆಯ ನೀರನ್ನೂ ಮುಟ್ಟದೆ ಮುಂದಿನ ಬಸ್ಸಿಗೆ ಹೊರಟುಹೋದ. ಪಂಚಾಯಿತಿ ಚೆದುರಿತು. ತೂಬಿನ ಕಟ್ಟೆಯ ಮೇಲೆ ಉಳಿದವರು ಇಬ್ಬರೇ. ಕೆಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಹಿಂದೆ ಎರಡು ಗದ್ದೆಗಳೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು, ಅದು ಹಸಿರಲ್ಲ. ಕರಿಬಸಯ್ಯ ಗೆದ್ದಿದ್ದ. ಗೆದ್ದವನ ಮುಖ ಮಾತ್ರ ಒಣಗಿದ ಬದನೆಕಾಯಿಯಂತಿತ್ತು, ಯಾಕೆಂದರೆ ಗೆಲುವನ್ನು ನೋಡಲು ಅಲ್ಲಿ ಯಾರೂ ಉಳಿದಿರಲಿಲ್ಲ. ನೋಡಲು ಇದ್ದದ್ದು ಭತ್ತ ಮಾತ್ರ.

“ಬಾಲಪ್ಪ, ನಾ ಏನ್ ಮಾಡ್ಲಿ ಹೇಳು. ಒಂದ ನೀರು ಬಳಸೋರು ನಾವು. ಸುಳ್ಳು ಹೆಂಗ ಬರೀಲಿ?”

ಬಾಲಪ್ಪನಿಗೆ ಬೈಯಲೂ ಬೇಸರವಾಗಿತ್ತು. ಮುರಿದ ಬಾಗಿಲಿಗೆ ಒಂದು ಕಲ್ಲು ಎಸೆದು, ಹಲ್ಲು ಕಡಿದು ಅಂದ: “ಎಲ್ಲಿಯ ನೀರು ಬಳಸ್ತೀವಲೇ ಮೂಳ? ನೀರು ಬಂದೈತೇನು ನಮಗ? ಹನಿ ನೀರಿಲ್ಲದ ಯಾವ ಸೀಮಿ ವೈರಿ ನಾವು?”

ಕರಿಬಸಯ್ಯನ ಕಣ್ಣು ಅಗಲವಾದವು.

“ಇನ್ನೊಮ್ಮಿ ಅನ್ನು.”

“ಏನು, ಮೂಳ ಅಂತೇನು?”

“ಅದಲ್ಲ! ನೀರು ಬರವಲ್ದು. ನೀರು ಬಳಸವಲ್ಲಿವಿ. ಬಳಸವಲ್ಲಿವಿ ಅಂದ್ರ ರಿವಾಲಿಸ್ ಅಲ್ಲ! ಬಾಲಪ್ಪ, ಈ ಹೊತ್ತಿಗೆ ನಾವು ವೈರಿಗಳ ಅಲ್ಲ! ಲ್ಯಾಟಿನ್ ಒಪ್ಪತೈತಿ!” ಎಂದು ಎದ್ದು ಬಾಲಪ್ಪನನ್ನು ತಬ್ಬಿಕೊಂಡ.

ತನ್ನ ಬೈಗುಳ ಇಷ್ಟು ದೊಡ್ಡ ಶಾಸ್ತ್ರವೆಂದು ಬಾಲಪ್ಪನಿಗೆ ಗೊತ್ತಿರಲಿಲ್ಲ. ಆದರೆ ರೈತನಾದವನಿಗೆ ಹದ ಗೊತ್ತಿರುತ್ತದೆ. “ಮಾತು ವಾಪಸ್ ತಗೊಂಡಂಗ ಆತಲ್ಲ?” ಎಂದು ಕೇಳಿ, ಹೌದೆನಿಸಿಕೊಂಡು, ಅವನ ರಟ್ಟೆ ಹಿಡಿದು ಅವನ ಮನೆಗೇ ಎಳೆದುಕೊಂಡು ಹೋದ. ಶೇಖರಮ್ಮ ಹೊಸ್ತಿಲಲ್ಲಿ ಅಡ್ಡ ಕುಳಿತಳು. ಅರ್ಜಿ ಕನ್ನಡದಲ್ಲೇ ಬರೆಯಬೇಕೆಂದಳು. ‘ತೂಬಿನ ಬಾಗಿಲು ಕೆಟ್ಟಿದೆ, ಬೇಗ ಸರಿಮಾಡಿಸಿ ನೀರು ಬಿಡಬೇಕು, ನಮ್ಮೊಳಗೆ ವೈರವಿಲ್ಲ’ ಎಂದು ಬರೆದ ಮೇಲೆ ಕರಿಬಸಯ್ಯ ‘ಸದ್ಯಕ್ಕೆ’ ಎಂಬ ಪದವನ್ನು ಸೇರಿಸಲು ಪೆನ್ನು ಎತ್ತಿದ. ಹಿಂದೆಯೇ ಬಂದಿದ್ದ ಆದಮ್ಮ ಪೆನ್ನು ಕಸಿದುಕೊಂಡಳು. ಬಾಲಪ್ಪ ಸಹಿ ಹಾಕಿದ. ಕರಿಬಸಯ್ಯ ಸಹಿ ಹಾಕಿದ. ಲಕೋಟೆಗೆ ಅಂಟು ಹಚ್ಚಿದ್ದು ಮಾತ್ರ ಹೆಂಗಸರು.

ಸಿಂಧನೂರಿನ ಅಂಚೆ ಕಚೇರಿಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೋದರು. ಲಕೋಟೆಯನ್ನು ಬಾಲಪ್ಪ ಅಂಗಿಯ ಒಳಗಿಟ್ಟುಕೊಂಡಿದ್ದ, ಹಿಂದೆ ಕುಳಿತ ವಿದ್ವಾಂಸನ ಕೈಗೆ ಸಿಗಬಾರದೆಂದು. ಕೂತು ಕೂತು ಬೇರು ಬಿಟ್ಟ ಆ ಅರ್ಜಿ ಸ್ಪೀಡ್ ಪೋಸ್ಟಿನಲ್ಲಿ ಹೋಗಬೇಕೆಂದು ನಿರ್ಧಾರವಾಯಿತು.

ಕಿಟಕಿಯ ಒಳಗಿದ್ದ ಹುಡುಗಿ ಲಕೋಟೆ ತಿರುಗಿಸಿ ನೋಡಿದಳು. “ಕಳಿಸೋರ ಜಾಗದಾಗ ಎರಡು ಹೆಸರು ಅದಾವಲ್ರೀ. ನೀವಿಬ್ರೂ ಏನಾಗಬೇಕ್ರಿ?”

ಕರಿಬಸಯ್ಯ ವಿವರಿಸಲು ಬಾಯಿ ತೆರೆದ. ಬಾಲಪ್ಪ ಅವನ ಬಾಯಿಗೆ ಅಂಗೈ ಒತ್ತಿ ಹಿಡಿದು ಹೇಳಿದ:

“ನೀರು ಬರೋತನಕ ದೋಸ್ತರ್ರೀ. ಲಗೂನ ಸಿಕ್ಕಾ ಹೊಡೀವ್ವ ತಾಯಿ.”

ಹುಡುಗಿ ಸಿಕ್ಕಾ ಹೊಡೆದು ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದಳು.